ಬ್ಯಾಂಡಿನ ರಾಮಲಿಂಗನ ಉಸಿರು

ಶಹಾಬಾದದ ರಾಮಲಿಂಗ ಟ್ರಂಪೆಟ್, ಸ್ಯಾಕ್ಸೊಫೋನ್, ಕ್ಲಾರಿನೆಟ್ ಮೂರನ್ನೂ ಬಲ್ಲವನೆಂದು ಊರು ಹೊಗಳುತ್ತಿತ್ತು. ಒಂದನ್ನು ಬಿಟ್ಟು ಇನ್ನೊಂದನ್ನು ಯಾಕೆ ಹಿಡಿದನೆಂಬುದು ಅವನ ಹೆಂಡತಿ ಅನಸುಬಾಯಿಗಷ್ಟೇ ಗೊತ್ತಿತ್ತು.

ಆ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ ವಾಡಿಯ ರೈಲ್ವೆ ಇನ್‌ಸ್ಟಿಟ್ಯೂಟಿನಲ್ಲಿ ಕ್ರಿಸ್‌ಮಸ್ ಕುಣಿತ ನಡೆಯುತ್ತಿತ್ತು. ಅಲ್ಲಿ ಕುರ್ಚಿ ಹಾಕುವ ಕೆಲಸಕ್ಕೆ ಹೋದ ರಾಮಲಿಂಗನಿಗೆ ಗೋವೆಯ ರೈಲು ಗಾರ್ಡ್ ಒಬ್ಬ ಜಾಝ್ ಸಂಗೀತ ಊದಲು ಕಲಿಸಿದ. ಧಾಟಿಯನ್ನು ಎಲ್ಲರೂ ಕೂಡಿ ಎತ್ತಿಕೊಳ್ಳಬೇಕು. ಆಮೇಲೆ ಒಬ್ಬೊಬ್ಬನೇ ಮನಸ್ಸಿಗೆ ಬಂದಂತೆ ಬೆಳೆಸಬೇಕು, ಉಳಿದವರು ಸುಮ್ಮನಿರಬೇಕು. ತನ್ನ ಸರದಿ ಬಂದಾಗ ರಾಮಲಿಂಗ ಕಣ್ಣು ಮುಚ್ಚಿಕೊಂಡು ಊದುತ್ತಿದ್ದ. ಗಾರ್ಡಿಗೆ ವರ್ಗವಾಯಿತು, ಕುಣಿತ ನಿಂತಿತು. ಉಳಿದದ್ದು ಬಂದೇನವಾಜ ನಡೆಸುತ್ತಿದ್ದ ಮದುವೆ ಬ್ಯಾಂಡು.

ಮದುವೆಯಿಲ್ಲದ ತಿಂಗಳುಗಳಲ್ಲಿ ಅವನು ನೆಲಕ್ಕೆ ಹಾಸುವ ಫರ್ಸಿ ಕಲ್ಲು ಕೊಯ್ಯುವ ಯಂತ್ರದ ಮುಂದೆ ನಿಲ್ಲುತ್ತಿದ್ದ. ಬಿಳಿ ಧೂಳು ಮೀಸೆಯಲ್ಲಿ, ಅನ್ನದಲ್ಲಿ, ಕಫದಲ್ಲಿ. ಆ ಧೂಳು ಉಸಿರು ತಿಂದು ಮೊದಲು ಟ್ರಂಪೆಟ್ ಬಿಡಿಸಿತು, ಆಮೇಲೆ ಸ್ಯಾಕ್ಸೊಫೋನ್; ಉಳಿದದ್ದು ಕ್ಲಾರಿನೆಟ್ ಒಂದೇ.

"ಕಲ್ಲಿನ ಕೆಲಸ ಬಿಡ್ರಿ, ಇಲ್ಲಾ ಊದೋದು ಬಿಡ್ರಿ," ಅಂದಳು ಅನಸುಬಾಯಿ.

"ಊದೋದು ಬಿಟ್ರ ನಾ ಯಾಂವ?"

"ನನ್ನ ಗಂಡ. ಅದು ಸಾಲಂಗಿಲ್ಲೇನು?"

ಅವನು ಕ್ಲಾರಿನೆಟ್ಟು ಒರೆಸತೊಡಗಿದ.

ವರ್ಷಗಳು ಕಳೆದ ಮೇಲೆ ಸೇಡಂನ ಒಂದು ಮದುವೆ ಮೆರವಣಿಗೆಯಲ್ಲಿ ಕ್ಲಾರಿನೆಟ್ಟಿಗೂ ಉಸಿರು ಸಾಲದಾಯಿತು. ವರ ಹಂದರ ಸೇರುವವರೆಗೆ ಬ್ಯಾಂಡು ನಿಲ್ಲುವಂತಿಲ್ಲ, ನಿಂತರೆ ಅಪಶಕುನ. ರಾಮಲಿಂಗನಿಗೆ ವಾಡಿಯ ರೀತಿ ನೆನಪಾಯಿತು. ಇಂಥ ಹೊತ್ತಿಗೆಂದೇ ಬ್ಯಾಂಡಿನವರಿಗೆಲ್ಲ ತಿಳಿಸಿ, ಪಕ್ಕದಲ್ಲಿ ಊದುವ ದಶರಥನಿಗೆ ಮೊದಲೇ ಹೇಳಿಕೊಟ್ಟಿದ್ದ: ನಾನು ಕೈ ಎತ್ತಿದರೆ ಉಳಿದವರು ಸುಮ್ಮನಾಗುತ್ತಾರೆ, ನಿನ್ನ ಟ್ರಂಪೆಟ್ ಒಂದೇ ನಡೆಯಲಿ, ಮನಸ್ಸಿಗೆ ಬಂದದ್ದು ಊದು. ಅಷ್ಟರಲ್ಲಿ ತಾನು ಉಸಿರು ತೆಗೆದುಕೊಳ್ಳಬಹುದು.

ಕೈ ಎತ್ತಿದ. ಎಲ್ಲರೂ ನಿಲ್ಲಿಸಿದರು. ಕಲಿತ ಧಾಟಿ ಬಿಟ್ಟು ಬೇರೆ ಊದಿ ಗೊತ್ತಿಲ್ಲದ ದಶರಥ ಎರಡು ಸ್ವರ ಹಿಡಿದು, ಹೆದರಿ ಅವನೂ ನಿಂತ. ಬೀದಿ ಸ್ತಬ್ಧವಾಯಿತು. ಕುದುರೆಯ ಮೇಲೆ ವರ ಬಿಳಿಚಿಕೊಂಡ.

"ಯಾರ್ ಸತ್ರಲೇ?" ಎಂದು ವರನ ಸೋದರಮಾವ ಕೂಗಿದ. "ಮದುವಿಗಿ ಕರದೀವೋ, ಮಣ್ಣಿಗಿ ಕರದೀವೋ?"

ರಾಮಲಿಂಗ ಕ್ಲಾರಿನೆಟ್ಟು ಬಾಯಿಗಿಟ್ಟ. ಕೆಮ್ಮು ಬಂತು, ಸ್ವರ ಬರಲಿಲ್ಲ.

ಮರುದಿನ ಬಂದೇನವಾಜ ಕ್ಲಾರಿನೆಟ್ಟು ವಾಪಸು ತೆಗೆದುಕೊಂಡ. ಕೆಟ್ಟವನಲ್ಲ, ವ್ಯಾಪಾರಿ. "ಬ್ಯಾಂಡಿನಾಗ ಮಂದಿ ಕಡಿಮಿ ಕಂಡ್ರ ಬೀಗರು ಜಗಳಕ್ಕ ಬರ್ತಾರ. ನೀ ಡ್ರೆಸ್ ಹಾಕ್ಕೊಂಡು ಆ ಹಳೀ ಸ್ಯಾಕ್ಸೊಫೋನ್ ಹಿಡದು ನಡಿ. ಊದಬ್ಯಾಡ."

"ಖಾಲಿ ಹಿಡಕೊಂಡು ನಡೀಲೇನು, ಭಾಯಿ?"

"ಗಲ್ಲ ಉಬ್ಬಸು. ಯಾರಿಗಿ ಗೊತ್ತಾಗ್ತದ?"

ಆಗುವುದಿಲ್ಲವೆಂದು ರಾಮಲಿಂಗ ಎದ್ದು ಬಂದ. ವಾರಗಟ್ಟಲೆ ಮನೆಯಲ್ಲಿ ಗೋಡೆ ನೋಡುತ್ತ ಕುಳಿತ. ಬೀದಿಯಲ್ಲಿ ಬೇರೆ ಬ್ಯಾಂಡು ಹಾದರೆ ಬೆರಳುಗಳು ತಾವಾಗಿಯೇ ತೊಡೆಯ ಮೇಲೆ ಆಡುತ್ತಿದ್ದವು. ಅನಸುಬಾಯಿ ಅದನ್ನು ನೋಡಿ ಒಳಗೆ ಹೋಗುತ್ತಿದ್ದಳು. ಕೊನೆಗೆ ಒಂದು ಬೆಳಿಗ್ಗೆ ಅವನೇ ಬಂದೇನವಾಜನ ಬಳಿ ಹೋಗಿ ಬ್ಯಾಂಡಿನ ಕೆಂಪು ಕೋಟು ಕೇಳಿ ಹಾಕಿಕೊಂಡ.

ಚಿತ್ತಾಪುರದ ಬೀದಿಯಲ್ಲಿ ಮೆರವಣಿಗೆ ಸಾಗುತ್ತಿತ್ತು. ರಾಮಲಿಂಗನ ಬೆರಳುಗಳು ಹಳೆಯ ಸ್ಯಾಕ್ಸೊಫೋನಿನ ಒಂದು ಕೀಲಿಯನ್ನೂ ತಪ್ಪಿಸದೆ ಒತ್ತುತ್ತಿದ್ದವು. ವಾದ್ಯದೊಳಗೆ ಗಾಳಿ ಹೋಗುತ್ತಿರಲಿಲ್ಲ.

"ಆ ಮುದುಕ ನೋಡ, ಎಷ್ಟ್ ಛಂದ ಊದಾಕತ್ತಾನ!" ಅಂದಳು ಕಟ್ಟೆಯ ಮೇಲೆ ನಿಂತ ಒಬ್ಬಾಕೆ.

ರಾಮಲಿಂಗ ಅವಳ ಕಡೆ ತಿರುಗದೆ ಗಲ್ಲವನ್ನು ಇನ್ನಷ್ಟು ಉಬ್ಬಿಸಿದ.