ಕಾಮತರ ಹೆಸರಿನ ದೀಪ

ಹೋದ ತಿಂಗಳು ನಮ್ಮ ಮನೆಯವರು ಒಂದು ಸತ್ಯ ಹೇಳಿದರು. ನಾಲ್ಕನೆಯ ದಿನ ನಮ್ಮ ಮನೆಯ ದೀಪ ಆರಿತು.

ಅಪಶಕುನ ಅನ್ನಬೇಡಿ. ನಾನು ಹೇಳುತ್ತಿರುವುದು ಫ್ಯೂಸು, ಮೀಟರಿನ ಮಾತು.

ಘಾಟ್ಕೋಪರಿನ ಚಾಳಿನಲ್ಲಿ ನಮಗೆ ಎರಡು ಖೋಲಿಯ ಮನೆ ಸಿಕ್ಕಿ ಮೂರು ತಿಂಗಳಾಯಿತು. ಅದಕ್ಕೆ ಮೊದಲು ಪರೇಲಿನಲ್ಲಿ ಭಾವನವರ ಒಂದೇ ಖೋಲಿಯಲ್ಲಿ ಇದ್ದೆವು, ಪರದೆಯ ಆಚೆ ಅವರು, ಈಚೆ ನಾವು. (ನಾಲ್ಕು ವರ್ಷ ಪರದೆಯ ಈಚೆ ಸಂಸಾರ ಮಾಡಿದವಳಿಗೆ ಎರಡು ಖೋಲಿ ಎಂದರೆ ಏನೆಂದು ಬಿಡಿಸಿ ಹೇಳಬೇಕೆ?) ಈ ಮನೆಯಲ್ಲಿ ನಮಗಿಂತ ಮೊದಲು ಇದ್ದವರು ಉಡುಪಿ ಕಡೆಯ ಕಾಮತರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ ಇರಲಾರದೆ, ಗ್ರಾಂಟ್ ರೋಡಿನಲ್ಲಿ ತಾವು ಗಲ್ಲಾದ ಮೇಲೆ ಕೂಡುವ ಹೋಟೆಲಿನ ಮಾಳಿಗೆಗೇ ಹೋಗಿಬಿಟ್ಟರು. ಹೋಗುವಾಗ ಅಡುಗೆಮನೆಯಲ್ಲಿ ಒಂದು ಒರಳುಕಲ್ಲು, ಕರೆಂಟಿನ ಬಿಲ್ಲಿನಲ್ಲಿ ತಮ್ಮ ಹೆಸರು ಬಿಟ್ಟುಹೋದರು.

ಒರಳುಕಲ್ಲು ನನಗೆ ಅನುಕೂಲವಾಯಿತು. ಹೆಸರು ನಮ್ಮವರನ್ನು ಕಾಡತೊಡಗಿತು.

ನಮ್ಮವರು ಮಿಲ್ಲಿನ ಆಫೀಸಿನಲ್ಲಿ ಪತ್ರ ಬರೆಯುವ ಕ್ಲಾರ್ಕು. ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದರೆ ಜಗತ್ತಿನ ಯಾವ ಗೋಜಲಾದರೂ ಬಗೆಹರಿಯುತ್ತದೆ ಎಂದು ನಂಬಿದ ಮನುಷ್ಯ. ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಗಂಧ ಹಚ್ಚಿಕೊಂಡು, ಕರೆಂಟಿನ ಆಫೀಸಿಗೆ ಬರೆದೇಬಿಟ್ಟರು: ಕಾಮತರು ಮನೆ ಬಿಟ್ಟಿದ್ದಾರೆ, ಈಗ ನಾನಿದ್ದೇನೆ, ದಯವಿಟ್ಟು ಮೀಟರು ನನ್ನ ಹೆಸರಿಗೆ ಮಾಡಿಕೊಡಿ.

"ಯಾಕ್ರೀ ಬೇಕಾಗಿತ್ತು? ದೀಪ ತನ್ನ ಪಾಡಿಗೆ ತಾ ಉರೀಲಿಕ್ಕೆ ಹತ್ತಿತ್ತಲ್ಲ" ಎಂದೆ.

"ಇನ್ನೊಬ್ಬರ ಹೆಸರಿನ ದೀಪ ಎಷ್ಟ ದಿನಾ ಹಚ್ಚೋದು? ಖರೇ ಇದ್ದದ್ದು ಖರೇ ಬರದೇನಿ."

ಆಫೀಸಿನವರು ಪತ್ರವನ್ನು ಪೂರ್ತಿ ಓದಿದರೋ ಇಲ್ಲವೋ. ಮೊದಲ ಸಾಲು ಓದಿದ್ದಂತೂ ನಿಜ. ಕಾಮತರು ಮನೆ ಬಿಟ್ಟರೆಂದ ಮೇಲೆ ಕಾಮತರಿಗೆ ಕರೆಂಟೇಕೆ? ಇಕ್ಕಳ ಹಿಡಿದ ಒಬ್ಬ ಮನುಷ್ಯ ಬಂದ, ಫ್ಯೂಸು ಕಿತ್ತ, ಮೀಟರಿಗೆ ಸೀಲು ಹಾಕಿದ, ಕುಡಿಯಲು ನೀರು ಕೇಳಿದ. ನಾನೇ ಕೊಟ್ಟೆ.

ನಮ್ಮ ಮನೆಗೆ ಇರುವುದು ಒಂದೇ ಕಿಟಕಿ, ಅದೂ ಪಕ್ಕದ ಚಾಳಿನ ಗೋಡೆಗೆ ಮುಖ ಮಾಡಿದೆ. ಮಧ್ಯಾಹ್ನವೂ ದೀಪ ಬೇಕು. ಮಗಳು ಸುಮಿಯ ಎಸ್ಸೆಸ್ಸಿ ಪರೀಕ್ಷೆಗೆ ಐದು ವಾರವಿತ್ತು. ನನ್ನ ತವರಿನಲ್ಲಾಗಲಿ ಅತ್ತೆಮನೆಯಲ್ಲಾಗಲಿ ಈ ಪರೀಕ್ಷೆಗೆ ಕೂಡುವ ಮೊದಲ ಹೆಣ್ಣು ಅವಳು. ನನ್ನನ್ನು ಐದನೆಯ ಇಯತ್ತೆಗೆ ಬಿಡಿಸಿದ್ದು ನಾನು ಮರೆತಿಲ್ಲ. ಕಂದೀಲಿನ ಎದುರು ಎರಡು ದಿನ ಕೂತದ್ದಕ್ಕೇ ಹುಡುಗಿಯ ಕಣ್ಣು ಕೆಂಪಾಗಿ ನೀರು ಸುರಿಯತೊಡಗಿತು.

"ನಾವೆಲ್ಲಾ ಧಾರವಾಡದಾಗ ಕಂದೀಲದ ಬೆಳಕಿನಾಗ ಓದಿದವರು" ಎಂದರು ನಮ್ಮವರು.

"ಹೌದ್ರಿ, ಓದಿ ಕ್ಲಾರ್ಕ ಆದ್ರಿ" ಎಂದೆ. ಆಡಬಾರದ ಮಾತು. ಆಡಿದೆ.

ಪರದೇಶದಲ್ಲಿ ಮನೆ ಹಿಡಿದರೆ ದೀಪ, ನೀರಿಗೆ ಕಂಡಕಂಡವರ ಕಾಲು ಹಿಡಿಯಬೇಕಂತೆ. ನಾವೇನು ಸಮುದ್ರ ದಾಟಿದವರಲ್ಲ. ಮೊನ್ನೆ ಮೊನ್ನೆಯವರೆಗೆ ಧಾರವಾಡವೂ ಮುಂಬಯಿ ರಾಜ್ಯದಲ್ಲೇ ಇತ್ತು. ಈಗ ಊರು ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಇಲ್ಲಿ ಉಳಿದೆವು. ಕೂತಲ್ಲೇ ಪರದೇಶದವರಾದೆವು. (ಆ ದಿನ ನಮ್ಮವರು ಆಫೀಸಿಗೆಲ್ಲ ಪೇಢೆ ಹಂಚಿದ್ದರು. ತಪ್ಪೆಂದು ನಾನು ಹೇಳುತ್ತಿಲ್ಲ.) ಕರೆಂಟಿನ ಆಫೀಸಿನ ಗುಮಾಸ್ತ ನಮ್ಮವರು ತುಂಬಿಕೊಟ್ಟ ಫಾರ್ಮಿನಲ್ಲಿ ಖಾಯಂ ವಿಳಾಸ ನೋಡಿ, "ಅಸ್ಸ, ಬಾಹೇರ್‌ಗಾಂವಚೇ" ಎಂದನಂತೆ. ಹೊರಗಿನವರು ಎಂದ ಹಾಗಾಯಿತು. ಹೊಸ ಹೆಸರು ಬೇಕಾದರೆ ಮನೆಮಾಲಿಕರ ಪತ್ರ ತನ್ನಿ ಎಂದು ಕಳಿಸಿದ.

ಮಾಲಿಕ ಶೇಠರು ಬಲು ಸಭ್ಯರು. ಚಹಾ ತರಿಸಿದರು. ಪತ್ರ ಮಾತ್ರ ಕೊಡಲಿಲ್ಲ.

"ಚಿಟ್ಠೀ ದಿಯಾ ತೋ ಕಲ್ ಆಪ್ ಭಾಡೂತ್ ಬನ್ ಜಾಯೇಂಗೇ" ಎಂದರು. ಪತ್ರ ಕೊಟ್ಟರೆ ನಾಳೆ ನೀವು ಬಾಡಿಗೆದಾರರಾಗಿಬಿಡುತ್ತೀರಿ.

ತಿಂಗಳು ತಿಂಗಳು ಬಾಡಿಗೆ ಎಣಿಸಿಕೊಳ್ಳುವ ಮನುಷ್ಯ ಆಡುವ ಮಾತೇ ಇದು? ಹಾಗಾದರೆ ಈಗ ನಾವು ಯಾರು ಎಂದು ನಮ್ಮವರು ಕೇಳಿದರು.

"ಅಭೀ ತೋ ಆಪ್ ಕಾಮತ್ ಕೇ ಮೆಹಮಾನ್ ಹೈಂ."

ಕಾಮತರ ಅತಿಥಿಗಳು. ಆಮೇಲೆ ಗೊತ್ತಾಯಿತು, ಬಾಡಿಗೆಯ ಪಾವತಿ ಚೀಟಿ ಕೂಡ ಕಾಮತರ ಹೆಸರಿನಲ್ಲೇ ಬರುತ್ತಿದೆ. ಹೊಸಬನ ಹೆಸರು ಕಾಗದದ ಮೇಲೆ ಬಂದರೆ ಕಾಯದೆ ಪ್ರಕಾರ ಅವನನ್ನು ಎಬ್ಬಿಸುವುದು ಕಷ್ಟ. ಹಾಗಾಗಿ ಮುಂಬಯಿಯಲ್ಲಿ ಮನುಷ್ಯರು ಬದಲಾಗುತ್ತಾರೆ, ಹೆಸರು ಬದಲಾಗುವುದಿಲ್ಲ. ಪಕ್ಕದ ಮನೆಯ ಶಿಂದೆಬಾಯಿ ತಮ್ಮ ಬಿಲ್ಲು ತಂದು ತೋರಿಸಿದಳು. ಅದರಲ್ಲಿದ್ದದ್ದು ಅವಳ ಮಾವನ ಗೆಳೆಯನೊಬ್ಬನ ಹೆಸರು. ಆ ಪುಣ್ಯಾತ್ಮ ತೀರಿಕೊಂಡು ಎಷ್ಟೋ ವರ್ಷವಾಗಿದೆ. "ಖರಂ ಕಶಾಲಾ ಸಾಂಗಿತಲಂ, ವಹಿನೀ?" ಎಂದು ನನ್ನನ್ನೇ ಕೇಳಿದಳು. ಖರೆ ಯಾಕೆ ಹೇಳಿದಿರಿ? ಹೇಳಿದ್ದು ನಾನಲ್ಲ ಎಂದರೆ ನಂಬಲಿಲ್ಲ.

ಉಪಾಯ ಅವಳದೇ. ಮನೆ ಬಿಟ್ಟೇ ಇಲ್ಲ ಎಂದು ಕಾಮತರೇ ಬರೆದುಕೊಟ್ಟರೆ ದೀಪ ಬರುತ್ತದೆ.

ಭಾನುವಾರ ಇಬ್ಬರೂ ಗ್ರಾಂಟ್ ರೋಡಿಗೆ ಹೋದೆವು. (ನಮ್ಮವರನ್ನು ಒಬ್ಬರನ್ನೇ ಕಳಿಸುವ ಧೈರ್ಯ ನನಗಿರಲಿಲ್ಲ. ದಾರಿಯಲ್ಲಿ ಇನ್ನಾರಿಗಾದರೂ ಸತ್ಯ ಹೇಳಿಯಾರು.) ಕಾಮತರು ಗಲ್ಲಾವನ್ನು ಮಾಣಿಗೊಪ್ಪಿಸಿ ಬಂದು ನಮ್ಮೆದುರು ಕೂತರು. ನಮ್ಮವರು ನಡೆದದ್ದನ್ನೆಲ್ಲ ಹೇಳಿದರು.

"ಎಂತ ಮಾಡಿದ್ದು ಸಾರ್ ನೀವು!" ಎಂದು ಕಾಮತರು ತಲೆ ಮೇಲೆ ಕೈಯಿಟ್ಟರು. ಆಮೇಲೆ, "ಬರೆದು ಕೊಡುವ. ನನ್ನ ಹೆಂಡತಿ ಬದುಕಿದ ಮನೆ ಅದು, ಕತ್ತಲೆ ಆಗುವುದು ಬೇಡ. ಆದರೆ ನನಗೆ ಇಂಗ್ಲಿಷ್ ಬರುವುದಿಲ್ಲ. ನೀವೇ ಬರೆಯಿರಿ, ನಾನು ಸೈನ್ ಹಾಕ್ತೇನೆ."

ನಮ್ಮವರು ನನ್ನ ಮುಖ ನೋಡಿದರು. ನಾನು ಗೋಡೆಯ ಮೇಲಿನ ತಿಂಡಿಯ ಪಟ್ಟಿ ನೋಡಿದೆ.

ಬರೆದರು. ಕಾಮತನಾದ ನಾನು ಮನೆ ಬಿಟ್ಟಿಲ್ಲ, ಸ್ವಲ್ಪ ಕಾಲ ಊರಿಗೆ ಹೋಗಿದ್ದೆ, ಯಾರೋ ತಿಳಿಯದವರು ತಪ್ಪಾಗಿ ಬರೆದಿದ್ದಾರೆ, ದಯವಿಟ್ಟು ದೀಪ ಕೊಡಿಸಿ. ತಿಳಿಯದವರು ಎಂದು ತಮ್ಮನ್ನೇ ಬರೆಯುವಾಗ ಪೆನ್ನು ಸ್ವಲ್ಪ ನಿಂತಿತು. ಕಾಮತರು ಸೈನ್ ಹಾಕಿದರು.

ಆಗ ನನಗೆ ಹೊಳೆಯಿತು. ಈ ಕಾಗದದ ಪ್ರಕಾರ ಮನೆ ಕಾಮತರದು. ಬಾಡಿಗೆಯ ಪಾವತಿಯೂ ಅವರದೇ ಹೆಸರಿನದು. ನಾಳೆ ಅವರ ಅಣ್ಣನೋ ತಮ್ಮನೋ ಬಂದು ಖೋಲಿ ಬಿಡಿ ಎಂದರೆ? ಮುಂಬಯಿಯಲ್ಲಿ ಕೆಲಸ ಸಿಗುತ್ತದೆ, ವರ ಸಿಗುತ್ತಾನೆ, ಖೋಲಿ ಸಿಗುವುದಿಲ್ಲ. ಮಗಳ ಐದು ವಾರದ ದೀಪಕ್ಕೆ ಸೂರನ್ನೇ ಒತ್ತೆಯಿಡುತ್ತಿದ್ದೇನೆಯೇ? ನನಗೆ ನಿಜವಾಗಿ ಭಯವಾಯಿತು. ಕಾಗದವನ್ನು ಕಾಮತರ ಕೈಯಿಂದ ಕಿತ್ತುಕೊಳ್ಳಬೇಕೆನ್ನಿಸಿತು. ಸುಮಿಯ ಕೆಂಪು ಕಣ್ಣು ನೆನಪಾಗಿ ಕೈ ಹಿಂದೆಗೆದೆ.

ಕಾಮತರು ಮೂವತ್ತು ವರ್ಷ ಗಲ್ಲಾದ ಮೇಲೆ ಕೂತು ಮುಖ ಓದಿದವರು. ಇನ್ನೊಂದು ಹಾಳೆ ಎಳೆದುಕೊಂಡು ತಾವೇ ಕನ್ನಡದಲ್ಲಿ ಬರೆದರು: ನಾನು ಆ ಮನೆ ಬಿಟ್ಟಿದ್ದೇನೆ, ಅಲ್ಲಿರುವವರು ಇವರು, ನನಗಾಗಲಿ ನನ್ನ ಕಡೆಯವರಿಗಾಗಲಿ ಅದರ ಮೇಲೆ ಯಾವ ಹಕ್ಕೂ ಇಲ್ಲ.

ಸೈನ್ ಹಾಕಿ, ಮಡಿಸಿ, ನನ್ನ ಕೈಗೆ ಕೊಟ್ಟರು.

"ಇದು ಅಮ್ಮನ ಹತ್ರ ಇರ್ಲಿ. ಸಾರ್ ಕೈಯಲ್ಲಿ ಕೊಡ್ಬೇಡಿ, ಅವರು ಇದನ್ನೂ ಪೋಸ್ಟ್ ಮಾಡಿಬಿಡ್ತಾರೆ."

ನನ್ನ ಕಣ್ಣು ತುಂಬಿತು. ಕೈ ಮುಗಿದೆ. ಅವರು ನಮಗೆ ಎರಡು ಮಸಾಲೆ ದೋಸೆ ಹೇಳಿ ಗಲ್ಲಾಕ್ಕೆ ಹೋದರು.

ವಾಪಸು ಬರುವಾಗ ಲೋಕಲ್‌ನಲ್ಲಿ ದಾದರಿನವರೆಗೆ ಬಂದೆವು. ಅಲ್ಲಿ ನಮ್ಮವರು ಮೆಲ್ಲಗೆ, "ಇಷ್ಟು ಛಂದ ಇಂಗ್ಲಿಷ್ ಪತ್ರ ನಾ ಎಂದೂ ಬರದಿದ್ದಿಲ್ಲ ನೋಡು" ಎಂದರು. ನಗುತ್ತಾರೇನೋ ಎಂದು ನೋಡಿದೆ. ನಗುತ್ತಿರಲಿಲ್ಲ.

ಆ ವಾರವೇ ಸೀಲು ತೆಗೆದರು. ಅದೇ ಇಕ್ಕಳದ ಮನುಷ್ಯ, ಅದೇ ಲೋಟದಲ್ಲಿ ನೀರು. ಸುಳ್ಳು ಪತ್ರ ಆಫೀಸಿನ ಫೈಲಿನಲ್ಲಿದೆ. ನಿಜದ ಪತ್ರ ನನ್ನ ಟ್ರಂಕಿನಲ್ಲಿ, ಮದುವೆಯ ಸೀರೆಯ ಮಡಿಕೆಯಲ್ಲಿದೆ.

ನಿನ್ನೆ ಸಂಜೆ ಸುಮಿ ದೀಪದ ಕೆಳಗೆ ಕೂತು ಪೌರನೀತಿಯ ಪಾಠ ಬಾಯಿಪಾಠ ಮಾಡುತ್ತಿದ್ದಳು: ಸರ್ಕಾರಕ್ಕೆ ಸತ್ಯವಾದ ಮಾಹಿತಿ ಕೊಡುವುದು ಒಳ್ಳೆಯ ಪೌರನ ಕರ್ತವ್ಯ. ಅವಳ ಅಪ್ಪ ಪೇಪರು ಕೆಳಗಿಟ್ಟು ನನ್ನ ಕಡೆ ನೋಡಿದರು.

ಈ ಪಾಠಕ್ಕೆ ಹುಡುಗಿ ಪೂರ್ತಿ ಮಾರ್ಕು ತರಬೇಕಾದರೆ, ದೀಪ ಹೇಗೆ ಬಂತೆಂದು ಅವಳಿಗೆ ನಾನು ಪರೀಕ್ಷೆಗೆ ಮೊದಲು ಹೇಳಲೋ, ಆಮೇಲೋ?