ಹಂಡೆಗೆ ಬಿದ್ದ ನನ್ನ ಪ್ರಾಜೆಕ್ಟ್

"ನಮ್ಮ ಕುಟುಂಬದಲ್ಲಿ ಡಿಗ್ರಿ ಎಲ್ಲ ಆಗುವಂಥದ್ದಲ್ಲ ಮಾರಾಯ್ತಿ" ಎಂದು ಎರ್ಮಾಳಿನ ಸುಂದರ ಮಾವ ಹೇಳಿದ್ದು ನಾನು ಬಿಎಸ್ಸಿಗೆ ಸೇರಿದ ವರ್ಷ. ಅಮ್ಮ ಕಾಪುವಿನಲ್ಲಿ ಬೀಡಿ ಕಟ್ಟಿ ನನ್ನನ್ನು ಓದಿಸುತ್ತಿದ್ದರು. ಕೊನೆಯ ವರ್ಷದ ಮಳೆಗಾಲದಲ್ಲಿ ಮಾವ ಹೇಳಿದ್ದೇ ನಿಜವಾಗುತ್ತದೆಂದು ನನಗೂ ಅನಿಸಿತ್ತು.

ನನ್ನ ಪ್ರಾಜೆಕ್ಟ್ ದನಗಳಿಗೆ ಹಾಕುವ ಮೆಕ್ಕೆಜೋಳದ ಬಗ್ಗೆ. ನಮ್ಮ ಕಡೆಯ ಮಳೆಗೆ ಜೋಳ ಬೂಷ್ಟು ಹಿಡಿಯುತ್ತದೆ. ಅದರಿಂದ ಕಾಳಿನಲ್ಲಿ ಸೇರುವ ವಿಷ ಹಾಲಿಗೂ ಬರುತ್ತದೆ. ಅದನ್ನು ಕಡಿಮೆ ಮಾಡುವ ದಾರಿ ತೋರಿಸಬೇಕಿತ್ತು. ಜೋಳ ಇಟ್ಟು ನೋಡಲು ಜಾಗ ಕೇಳಿದ ಮನೆಗಳಲ್ಲೆಲ್ಲ ನಕ್ಕರು. ಅಲ್ಲಿಯವರೆಗೆ ನನಗೆ ಗುರುತೇ ಇಲ್ಲದ ನಂದಿಕೂರಿನ ಸಿಸಿಲಿಯಾ ಬಾಯಿ ಮಾತ್ರ, "ಕೊಟ್ಟಿಗೆ ಪಕ್ಕದ ಕೋಣೆ ಖಾಲಿ ಉಂಟು, ಎಂತ ಬೇಕಾದರೂ ಮಾಡು ಮಗಾ" ಎಂದರು.

ಮಳೆಗೆ ಮೊದಲೇ ಅವರ ಜೋಳದ ಒಂದು ಪಾಲನ್ನು ಚೆನ್ನಾಗಿ ಒಣಗಿಸಿ, ಒಡೆದ, ಕಪ್ಪಾದ ಕಾಳು ಆರಿಸಿ ತೆಗೆದು, ಬಿಗಿ ಮುಚ್ಚಳದ ಡ್ರಮ್ಮಿಗೆ ತುಂಬಿದೆ. ಇನ್ನೊಂದು ಪಾಲು ಎಂದಿನಂತೆ ನೆಲದ ಮೇಲೆ ಗೋಣಿಯಲ್ಲೇ ಇತ್ತು. ಎರಡನ್ನೂ ಆಗಸ್ಟಿನಲ್ಲಿ ಪರೀಕ್ಷೆಗೆ ಕೊಡಬೇಕಿತ್ತು.

ಹೋಗಿ ನೋಡಿದರೆ ಗೋಣಿ ಖಾಲಿ!

"ಅದಾ? ಹಸಿರು ಬೂಷ್ಟು ಬಂದಿತ್ತು. ಚೆಂದ ತೊಳೆದು ಹಂಡೆಯಲ್ಲಿ ಬೇಯಿಸಿದ್ದೇನೆ. ಸಂಜೆ ದನಕ್ಕೆ ಹಾಕುವುದು. ಬೆಂದ ಮೇಲೆ ಎಂತ ಆಗ್ತದೆ, ಅಲ್ವಾ?" ಎಂದರು ಸಿಸಿಲಿಯಾ ಬಾಯಿ.

ಬೂಷ್ಟು ಬಂದದ್ದನ್ನು ಬಿಸಾಡದೆ ಬೇಯಿಸಿ ಹಾಕುವುದು ನಮ್ಮ ಮನೆಯಲ್ಲೂ ಇದ್ದದ್ದೇ. ಆದರೂ ನಾನು ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

"ಅಯ್ಯೋ ದೇವಾ! ನಿನ್ನ ಡಿಗ್ರಿಯನ್ನೇ ಬೇಯಿಸಿಬಿಟ್ಟೆನಾ?"

ಅವರು ಗೋಣಿಯನ್ನು ತಿರುವಿ ಕೊಡವಿ, ಹೊಲಿಗೆಯ ಮೂಲೆಗಳಲ್ಲಿ ಸಿಕ್ಕಿಕೊಂಡಿದ್ದ ಕಾಳುಗಳನ್ನು ಒಂದು ಡಬ್ಬಿಗೆ ಹಾಕಿದರು. ಬೆಂದದ್ದನ್ನೂ ಇನ್ನೊಂದರಲ್ಲಿ ತುಂಬಿ, "ಇದನ್ನೂ ತೋರಿಸು. ವಿಷ ಹೋಗಿದ್ದರೆ ನಾನು ಗೆದ್ದೆ" ಎಂದು ನಗಿಸಲು ನೋಡಿದರು. "ಬೇಯಿಸಿದರೆ ಹೋಗುವ ವಿಷ ಅಲ್ಲ ಬಾಯಿ, ದನಕ್ಕೆ ಹಾಕಬೇಡಿ" ಎಂದೆ. ಅವರು ಕೂಡಲೇ ಹಿತ್ತಿಲಲ್ಲಿ ಗುಂಡಿ ತೆಗೆದು ಹಂಡೆಯಿಡೀ ಸುರಿದು ಮುಚ್ಚಿದರು. ಪರೀಕ್ಷೆ ಇನ್ನೂ ಆಗಿರಲಿಲ್ಲ. ಡಿಗ್ರಿ ಇಲ್ಲದ ನನ್ನ ಮಾತನ್ನು ಹಾಗೆ ನಂಬಿದವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಮಣಿಪಾಲದ ಲ್ಯಾಬಿನಿಂದ ಉತ್ತರ ಬಂತು. ಡ್ರಮ್ಮಿನ ಜೋಳದಲ್ಲಿ ವಿಷ ತೀರಾ ಕಡಿಮೆ. ಗೋಣಿಯದ್ದರಲ್ಲಿ ಬಹಳ ಹೆಚ್ಚು. ಬೆಂದದ್ದರಲ್ಲೂ ಹೆಚ್ಚುಕಡಿಮೆ ಅಷ್ಟೇ.

"ಬೆಂದದ್ದನ್ನೂ ತಂದದ್ದು ಒಳ್ಳೆಯದಾಯಿತು. ಊರವರಿಗೆ ಗೊತ್ತಾಗಬೇಕಾದದ್ದೇ ಇದು" ಎಂದರು ನಮ್ಮ ಕಾಲೇಜಿನ ಮೇಡಂ. ಪ್ರಾಜೆಕ್ಟ್ ಪಾಸಾಯಿತು, ನಾನೂ ಪಾಸಾದೆ. ಈಗಲೂ ಯಾರಾದರೂ ನನ್ನನ್ನು ಪದವೀಧರೆ ಎಂದರೆ ನನಗೆ ಆ ಹಿತ್ತಿಲಿನ ಗುಂಡಿ ಕಣ್ಣಿಗೆ ಬರುತ್ತದೆ.

ಪದವಿ ಪ್ರದಾನದ ದಿನ ಅಮ್ಮನ ಪಕ್ಕದ ಕುರ್ಚಿಯಲ್ಲಿ ಬಾಯಿ ಇದ್ದರು. ವೇದಿಕೆಯಿಂದ ಇಳಿದವಳೇ ಸರ್ಟಿಫಿಕೇಟನ್ನು ಅಮ್ಮನ ಕೈಗೆ ಕೊಟ್ಟೆ. ಅಮ್ಮ ಸ್ವಲ್ಪ ಹೊತ್ತು ನೋಡಿ, ಅದನ್ನು ಪಕ್ಕಕ್ಕೆ ಚಾಚಿದರು.

"ಬಾಯಿ, ನೀವು ಹಿಡ್ಕೊಳ್ಳಿ. ಇದರಲ್ಲಿ ನಿಮ್ಮ ಜೋಳದ್ದೂ ಒಂದು ಪಾಲು ಉಂಟು."