ಖಾಲಿ ಬಾರದ ಭರಣಿ

ನಮ್ಮ ಶಿವಾನಂದ ಮೊನ್ನೆ ಒಂದು ಹಳೆಯ ಕಾರು ಕೊಂಡ. ಶಿವಾನಂದನೆಂದರೆ ತೀರಿಹೋದ ನನ್ನ ಅಣ್ಣನ ಮಗ. ಹಾನಗಲ್ಲಿನ ನಮ್ಮ ಮನೆ ಎರಡು ಪಾಲಾಗಿ ನಡುವೆ ಗೋಡೆ ಎದ್ದಿದೆ, ಆದರೆ ಮುಂದಿನ ಕಟ್ಟೆ ಇನ್ನೂ ಒಂದೇ. ಹೋದ ಭಾನುವಾರ ಆ ಕಟ್ಟೆಯ ಮೇಲೆ ಕೂತು ಅವನು ಬ್ರೇಕ್ ಎಣ್ಣೆಯ ಸಣ್ಣ ಡಬ್ಬಿಯ ಮುಚ್ಚಳ ತೆಗೆದ. ಈಗಿನ ಬ್ರೇಕ್ ಎಣ್ಣೆಗೆ ಔಡಲ ಎಣ್ಣೆಯ, ಅಂದರೆ ಹರಳೆಣ್ಣೆಯ ವಾಸನೆ ಇರುವುದಿಲ್ಲವಂತೆ. ನನ್ನ ಮೂಗಿಗೆ ಮಾತ್ರ ಅದೇ ಬಂತು. ವಯಸ್ಸಾದವರ ಮೂಗು ತನಗೆ ಬೇಕಾದದ್ದನ್ನೇ ಮೂಸುತ್ತದೆ.

"ಮುಚ್ಚಳದ ಮ್ಯಾಲ ಬರದದ್ದ ಎಣ್ಣಿನ ಹಾಕಬೇಕಂತ, ಕಾಕಾ. ಬ್ಯಾರೆದ್ದು ಬೆರಸಿದ್ರ ರಬ್ಬರ್ ಉಬ್ಬತೈತಂತ," ಅಂದ ಶಿವಾನಂದ. ಡಬ್ಬಿಗೆ ಮುಚ್ಚಳ ಬಿಗಿದು, "ಆ ಸವಣೂರ ಮಿಸ್ತ್ರಿಗೆ ಇಷ್ಟು ಗೊತ್ತಿದ್ದಿದ್ರ ನಾ ಅಪ್ಪನ ಮಾರಿ ನೋಡ್ತಿದ್ದೆ," ಅಂದ.

ಅವನು ಸಿಟ್ಟಿನಿಂದ ಹೇಳಲಿಲ್ಲ. ನಾಲ್ಕು ದಶಕ ಕೇಳಿಕೊಂಡು ಬಂದದ್ದನ್ನು ಹಾಗೇ ಹೇಳಿದ, ಅಷ್ಟೆ. ನಾನು ಎದ್ದು ಒಳಗೆ ಹೋದೆ. ಯಾಕೆ ಹೋದೆ ಎಂಬುದನ್ನು ನಿಮಗೆ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ದೊಡ್ಡ ಯುದ್ಧ ಮುಗಿದ ಮರುವರ್ಷ ಅದು. ಹುಬ್ಬಳ್ಳಿಯಿಂದ ಅಪ್ಪ ಒಂದು ಮೋಟಾರು ತಂದಿದ್ದರು. ಹಾನಗಲ್ಲಿಗೆ ಮೋಟಾರೇನೂ ಹೊಸದಲ್ಲ, ನಮ್ಮ ಮನೆಗೆ ಹೊಸದು. ನಾನು ಆಗ ತಾನೇ ಮ್ಯಾಟ್ರಿಕ್ ಮುಗಿಸಿ ಧಾರವಾಡದಿಂದ ಬಂದಿದ್ದೆ. ತಲೆಯಲ್ಲಿ ವಿದ್ಯೆಗಿಂತ ಎಣ್ಣೆ ಹೆಚ್ಚು, ಕಣ್ಣಿಗೆ ಕರಿ ಕನ್ನಡಕ. ಮೋಟಾರು ನಡೆಸುತ್ತಿದ್ದವನು ಅಣ್ಣ. ಪಕ್ಕದಲ್ಲಿ ಕೂತು ಅದರ ವಿಷಯ ಜನರಿಗೆ ತಿಳಿಸಿ ಹೇಳುತ್ತಿದ್ದವನು ನಾನು. ಶಿಗ್ಗಾಂವಿಯ ಸಂತೆಯಲ್ಲಿ ಒಮ್ಮೆ ಅರ್ಧ ತಾಸು ಭಾಷಣ ಮಾಡಿದ್ದೆ. ಕೇಳುತ್ತಿದ್ದ ಮುದುಕನೊಬ್ಬ ಕೊನೆಗೆ, ಅಲ್ಲಾ ತಮ್ಮಾ, ಇದು ಹಿಂದಕ್ಕೂ ಹೋಗತದೇನು ಎಂದು ಕೇಳಿದ. ಹೋಗುತ್ತದೋ ಇಲ್ಲವೋ ನನಗೆ ಖಾತ್ರಿ ಇರಲಿಲ್ಲ.

ಅದರ ಬ್ರೇಕು ಎಣ್ಣೆಯ ಒತ್ತಡದಿಂದ ಹಿಡಿಯುವಂಥದು. ಕಬ್ಬಿಣದ ಪೈಪುಗಳು ಜಂಗು ಹಿಡಿದಿದ್ದವು, ಗಾಲಿಯ ಹತ್ತಿರದ ರಬ್ಬರ್ ನಳಿಗೆಗಳು ಬಿರಿದಿದ್ದವು. ಸವಣೂರಿನಿಂದ ಇಮಾಮಸಾಬ ಮಿಸ್ತ್ರಿಯನ್ನು ಕರೆಸಿದರು. ಮಾತು ಕಡಿಮೆ, ಬಾಯಲ್ಲಿ ಸದಾ ತಮ್ಮೂರಿನ ವೀಳ್ಯದ ಎಲೆ. ಬರುವಾಗಲೆಲ್ಲ ಒದ್ದೆ ಬಟ್ಟೆಯಲ್ಲಿ ಸುತ್ತಿದ ಒಂದು ಕವಳಿಗೆ ಎಲೆ ತಂದು ವೈನಿಯ, ಅಂದರೆ ಅಣ್ಣನ ಹೆಂಡತಿಯ ಮುಂದೆ ಇಡುತ್ತಿದ್ದ. ನಮ್ಮ ವೈನಿಗೆ ಸವಣೂರ ಎಲೆಯೆಂದರೆ ಪ್ರಾಣ. ನಾಲಿಗೆಯ ಮೇಲಿಟ್ಟರೆ ಕರಗಬೇಕು, ಉಳಿದ ಊರುಗಳ ಎಲೆ ಮೇವು ಎನ್ನುತ್ತಿದ್ದಳು.

ಮಿಸ್ತ್ರಿ ಕಬ್ಬಿಣದ ಪೈಪು ತೆಗೆದು ತಾಮ್ರದವನ್ನು ಹಾಕಿದ. ತಾಮ್ರವನ್ನು ಕಾಸಿ, ಮೆತ್ತಗೆ ಮಾಡಿ, ಚಾಸಿಯ ಮಗ್ಗುಲಿಗೇ ಬಗ್ಗಿಸಿ ಕೂರಿಸಲು ನಾಲ್ಕು ದಿನ ಹಿಡಿಯಿತು. ರಬ್ಬರ್ ನಳಿಗೆಗಳು ಹುಬ್ಬಳ್ಳಿಯಲ್ಲಿ ಹರಾಜಾದ ಮಿಲಿಟರಿ ಸಾಮಾನಿನಲ್ಲಿ ಸಿಕ್ಕವು. ಡಬ್ಬಿಯ ಬ್ರೇಕ್ ಎಣ್ಣೆ ಮಾತ್ರ ಎಲ್ಲಿಯೂ ಸಿಗಲಿಲ್ಲ. ಅವನು ಅವ್ವನನ್ನು ಕೇಳಿ ಮನೆಯಲ್ಲೇ ಕಾಸಿದ ಔಡಲ ಎಣ್ಣೆಯನ್ನು ಒಂದು ಚೀನಿ ಭರಣಿ ತುಂಬ ಪಡೆದ. ಅದಕ್ಕೆ ಬಡಿಗೇರರ ಪಾಲಿಶಿನ ಸ್ಪಿರಿಟ್ಟನ್ನು ಸಮಸಮ ಬೆರೆಸಿ ತುಂಬಿದ. ಹೊಸ ಪೈಪಿನ ಜೋಡುಗಳಲ್ಲಿ ನಾಲ್ಕು ದಿನ ಸ್ವಲ್ಪ ಒಸರುತ್ತದೆ, ಎಣ್ಣೆ ಇಳಿದರೆ ಹಾಕಿರಿ ಎಂದು ಉಳಿದ ಔಡಲ ಎಣ್ಣೆಯ ಭರಣಿ, ಸ್ಪಿರಿಟ್ಟಿನ ಬಾಟಲಿ ಎರಡನ್ನೂ ಪಡಸಾಲೆಯ ಗೂಡಿನಲ್ಲಿ ಇಟ್ಟ. ಆಮೇಲೆ ನನ್ನನ್ನು ಕರೆದು ಹೇಳಿದ:

"ಸಣ್ಣ ಧಣ್ಯಾರ, ಮೊದಲ ಗಾಜಿನ ಸೀಸೇದಾಗ ಎರಡೂ ಬೆರಸಿ ಕುಲುಕ್ರಿ. ಬಿಸಲಿಗೆ ಹಿಡದು ನೋಡ್ರಿ. ಒಂದಾತು ಅಂದ್ರ ಹಾಕ್ರಿ. ನಡುವ ಗೆರಿ ಮೂಡಿದ್ರ ಚೆಲ್ಲಿಬಿಡ್ರಿ. ಔಡಲ ಎಣ್ಣಿ ಒಂದ ಸ್ಪಿರಿಟ್ಟಿನಾಗ ಕರಗೂದು, ಬ್ಯಾರೆ ಎಣ್ಣಿ ರಬ್ಬರ್ ತಿಂತಾವ."

ನಾನು ಕನ್ನಡಕ ಏರಿಸಿಕೊಂಡು ತಲೆ ಆಡಿಸಿದೆ. ಮ್ಯಾಟ್ರಿಕ್ ಪಾಸಾದವನಿಗೆ ಇಷ್ಟು ಬಿಡಿಸಿ ಹೇಳಬೇಕೇ ಎಂದು ಒಳಗೊಳಗೇ ಸಿಟ್ಟೂ ಬಂದಿತ್ತು.

ಹತ್ತು ದಿನಕ್ಕೆ ಎಣ್ಣೆ ಇಳಿಯಿತು. ಗೂಡಿನಲ್ಲಿ ಭರಣಿ ಇತ್ತು, ತುಂಬಿತ್ತು. ಮಿಸ್ತ್ರಿ ಇಟ್ಟುಹೋದಾಗ ಅದು ಅರ್ಧ ಮಾತ್ರ ಇದ್ದದ್ದು ನನಗೆ ನೆನಪಾಗಲಿಲ್ಲ. ಸೀಸೆ ಹುಡುಕುವುದು ಬೇಸರವಾಯಿತು. ನೇರ ಮೋಟಾರಿನ ಬ್ರೇಕ್ ಎಣ್ಣೆಯ ಡಬ್ಬಿಗೇ ಅದೊಂದಿಷ್ಟು, ಇದೊಂದಿಷ್ಟು ಸುರಿದು ಮುಚ್ಚಳ ಬಿಗಿದೆ. ಕೆಲಸ ಮುಗಿಯಿತು ಎಂದು ಕೈ ಒರೆಸಿಕೊಂಡು ಚಹಾ ಕುಡಿದೆ. ಆ ಚಹಾದ ರುಚಿ ಇವತ್ತಿಗೂ ನೆನಪಿದೆ, ಏಲಕ್ಕಿ ಹೆಚ್ಚಾಗಿತ್ತು.

ಮೂರು ದಿನದ ಮೇಲೆ ಅಣ್ಣ ಬ್ರೇಕು ಬಿಗಿಯಾಗಿದೆ, ಗಾಲಿ ಎಳೆದು ಹಿಡಿದಂತೆ ಆಗುತ್ತದೆ, ಮಿಸ್ತ್ರಿಗೆ ಹೇಳಿ ಕಳಿಸಲೇ ಎಂದು ಕೇಳಿದ. ಅವನು ಕೇಳಿದ್ದು ನನ್ನನ್ನು. ಹೊಸ ಪೈಪು ಹಾಗೇ ಇರುತ್ತವೆ, ಓಡಿಸಿದರೆ ಸಡಿಲಾಗುತ್ತವೆ ಎಂದೆ. ಅಣ್ಣ ನನ್ನ ಮಾತು ನಂಬಿದ. ಅವನಿಗೆ ನನ್ನ ಮೇಲೆ ಬಹಳ ಅಭಿಮಾನ, ತಮ್ಮ ಓದಿದವನೆಂದು.

ವೈನಿ ಏಳು ತಿಂಗಳ ಬಸುರಿ, ರಟ್ಟೀಹಳ್ಳಿಯ ತವರಿನಲ್ಲಿದ್ದಳು. ಅವಳನ್ನು ನೋಡಿಬರಲು ಅಣ್ಣ ಮುಂಜಾನೆ ಒಬ್ಬನೇ ಹೊರಟ. ಹಿರೇಕೆರೂರು ದಾಟಿ ಒಂದು ಕೆರೆಯ ಏರಿಗೆ ರಸ್ತೆ ಇಳಿಯುತ್ತದೆ. ಎದುರಿಗೆ ಹತ್ತಿಯ ಬಂಡಿ ಬರುತ್ತಿತ್ತು. ಬಂಡಿಯವನು ಆಮೇಲೆ ಹೇಳಿದ ಪ್ರಕಾರ, ಅಣ್ಣ ಬ್ರೇಕಿನ ಮೇಲೆ ಕಾಲು ಒತ್ತಿ ಒತ್ತಿ ನೋಡಿ, ಅದು ಹಿಡಿಯದೆ, ಬಂಡಿ ಉಳಿಸಲು ಮೋಟಾರನ್ನು ಹುಣಸೆಮರದ ಕಡೆ ತಿರುಗಿಸಿದ. ಎತ್ತುಗಳಿಗೆ ಏನೂ ಆಗಲಿಲ್ಲ. ಅಣ್ಣನನ್ನು ಅದೇ ಬಂಡಿಯಲ್ಲಿ ಹಿರೇಕೆರೂರಿಗೆ ತಂದರು. ದವಾಖಾನೆ ಮುಟ್ಟುವ ತನಕ ಉಳಿಯಲಿಲ್ಲ.

ಐದನೆಯ ದಿನ ಮಿಸ್ತ್ರಿ ಬಂದ. ಎತ್ತು ಹೂಡಿ ಎಳೆದು ತಂದ ಮೋಟಾರು ಅಂಗಳದಲ್ಲಿ ನಿಂತಿತ್ತು. ಅವನು ಬ್ರೇಕ್ ಎಣ್ಣೆಯ ಡಬ್ಬಿ ತೆರೆದು ಬೆರಳು ಅದ್ದಿದ, ಎರಡು ಬೆರಳಿನ ನಡುವೆ ತಿಕ್ಕಿದ, ಮೂಸಿದ. ನಂತರ ನನ್ನ ಕಡೆ ನೋಡಿದ. ಅವನು ಯಾಕೆ ನೋಡಿದನೆಂದು ಆಗ ನನಗೆ ತಿಳಿಯಲಿಲ್ಲ. ಅಪ್ಪ ಕಂಬಕ್ಕೆ ಒರಗಿ, ಏನಾಗಿತ್ತು ಎಂದು ಕೇಳಿದರು.

"ಎಣ್ಣಿ ಬೆರಸೂದರಾಗ ನಾ ತಪ್ಪೀನ್ರಿ, ಧಣ್ಯಾರ," ಅಂದ ಇಮಾಮಸಾಬ.

ಅಪ್ಪ ಅವನನ್ನು ಬೈಯಲಿಲ್ಲ, ಬಾಗಿಲು ತೋರಿಸಿದರು. ಹೋಗುವಾಗ ಅವನು ಅವ್ವನನ್ನು ಕೇಳಿ ಗೂಡಿನ ಭರಣಿಯನ್ನು ಒಯ್ದ.

ಅವತ್ತೇ ಸಂಜೆ ಅವ್ವ ನನ್ನ ಮುಂದೆ ಅಳುತ್ತ, ಮಿಸ್ತ್ರಿ ಒಯ್ದ ಭರಣಿಯ ಮಾತು ತೆಗೆದಳು. ಓಣಿಯ ಗಂಗವ್ವ, ಮನೆಯಲ್ಲಿ ಬಾಣಂತಿ ಇದ್ದಾಳೆ, ಕೂಸಿಗೆ ಔಡಲ ಎಣ್ಣೆ ಬೇಕೆಂದು ಬಂದಿದ್ದಳು, ಭರಣಿಯನ್ನೇ ಕೊಟ್ಟು ಕಳಿಸಿದ್ದೆ ಎಂದಳು. ನಮ್ಮ ಕಡೆ ಇಸಿದುಕೊಂಡ ಪಾತ್ರೆಯನ್ನು ಯಾರೂ ಖಾಲಿ ತಿರುಗಿಸುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಜೋಳವಾದರೂ ಹಾಕಿ ಕೊಡುತ್ತಾರೆ. ಗಂಗವ್ವ ಹೊಸದಾಗಿ ಗಾಣದಿಂದ ಬಂದ ಕುಸುಬಿ ಎಣ್ಣೆ ತುಂಬಿ ತಂದು ಕೊಟ್ಟಿದ್ದಳು. ಅವ್ವ ಅದನ್ನು ಗೂಡಿನಲ್ಲೇ ಇಟ್ಟಿದ್ದಳು. ಎಣ್ಣೆಗೆ ಬದಲು ಎಣ್ಣೆ. ಅದು ಮೊದಲು ರಬ್ಬರನ್ನು ಉಬ್ಬಿಸಿ ಗಾಲಿ ಹಿಡಿದಿತ್ತು, ಇಳಿಜಾರಿನಲ್ಲಿ ಆ ರಬ್ಬರೇ ಹರಿದು ಬ್ರೇಕು ಹೋಗಿತ್ತು. ಇದರಲ್ಲಿ ಯಾರ ತಪ್ಪೂ ಇಲ್ಲ. ಸೀಸೆ ಹಿಡಿದು ನೋಡಬೇಕಾದವನು ನಾನೊಬ್ಬನೇ.

ಆ ಭರಣಿಯಿಂದ ನಾನು ಮೋಟಾರಿಗೆ ಸುರಿದದ್ದು ಅವ್ವನಿಗೆ ಗೊತ್ತಿರಲಿಲ್ಲ, ನಾನು ಹೇಳಲಿಲ್ಲ. ಹೇಳಿದರೆ ಗಂಗವ್ವನ ಮನೆಯ ಹಸುಗೂಸಿಗೆ ಕೆಟ್ಟ ಹೆಸರು ಬರುತ್ತದೆ, ಅವ್ವ ತನ್ನನ್ನೇ ಶಪಿಸಿಕೊಳ್ಳುತ್ತಾಳೆ ಎಂದೆಲ್ಲ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೆಲ್ಲ ಸುಳ್ಳು. ನನಗೆ ಹೆದರಿಕೆಯಾಗಿತ್ತು. ಅಪ್ಪ ನನ್ನನ್ನು ಹೇಗೆ ನೋಡಿಯಾರು ಎಂಬ ಹೆದರಿಕೆ.

ಮಿಸ್ತ್ರಿಯ ಕೈಗೆ ಆಮೇಲೆ ಯಾರೂ ಮೋಟಾರು ಕೊಡಲಿಲ್ಲ. ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾನೆ, ಕೊಡೆ ಕಟ್ಟುತ್ತಾನೆ ಎಂದು ಕೇಳಿದೆ. ಮೂರು ವರ್ಷದ ಮೇಲೆ ಒಂದು ದಿನ ಧೈರ್ಯ ಮಾಡಿ ಸವಣೂರಿಗೆ ಹೋದೆ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಅವನು ಜ್ವರದಿಂದ ತೀರಿಕೊಂಡು ಎರಡು ತಿಂಗಳಾಗಿತ್ತು. ಅವನ ಹೆಂಡತಿ ನನ್ನನ್ನು ಕೂರಿಸಿ, ಊರು ಕೇಳಿ, ಒಳಗಿನಿಂದ ನಮ್ಮ ಭರಣಿ ತಂದಳು. ಬಾಯಿತನಕ ಔಡಲ ಎಣ್ಣೆ.

"ಹಾನಗಲ್ಲಿನ ಸಣ್ಣ ಧಣಿ ಒಂದಿನ ಬರ್ತಾರ, ಭರಣಿ ಖಾಲಿ ಕೊಡಬ್ಯಾಡ ಅಂದಿದ್ರು. ಆ ತಾಯಿಗೆ ಉಳಿದಾಂವ ಒಬ್ಬನ ಮಗಾ, ಅವನ ಹೆಸರು ನನ್ನ ಬಾಯಾಗ ಬರಬಾರದು ಅಂತಿದ್ರು. ಏನು ಎತ್ತ ನನಗ ಗೊತ್ತಿಲ್ರಿ," ಅಂದಳು.

ನಾನು ಅವಳಿಗೂ ಹೇಳಲಿಲ್ಲ. ಭರಣಿ ಹೊತ್ತುಕೊಂಡು ಬಂದೆ.

ಭಾನುವಾರ ಒಳಗೆ ಹೋಗಿ ತಂದದ್ದು ಆ ಭರಣಿಯನ್ನೇ. ಒಂದು ಹನಿಯೂ ಬಳಸಿಲ್ಲ, ಎಣ್ಣೆ ಗಟ್ಟಿಯಾಗಿ ಕಾಕಂಬಿಯ ಬಣ್ಣಕ್ಕೆ ತಿರುಗಿದೆ. ಶಿವಾನಂದನ ಮುಂದೆ ಇಟ್ಟು, ನಿಮಗೆ ಹೇಳಿದ್ದನ್ನೆಲ್ಲ ಅವನಿಗೆ ಹೇಳಿದೆ, ಕನ್ನಡಕದ ಹಾಸ್ಯ ಬಿಟ್ಟು. ಅವನು ಕೊನೆಯತನಕ ಕೇಳಿದ. ಬೈದಿದ್ದರೆ ಹಗುರಾಗುತ್ತಿತ್ತು.

"ಅವ್ವ ಸಾಯೂತನಕ ಸವಣೂರ ಎಲಿ ಮುಟ್ಟಲಿಲ್ಲ, ಕಾಕಾ," ಅಂದ.

ಹೌದು. ಮನೆಗೆ ಬಂದವರು ತಂದರೂ ವೈನಿ ಕೋಲಿನಿಂದ ತಳ್ಳಿ ತಿಪ್ಪೆಗೆ ಹಾಕಿಸುತ್ತಿದ್ದಳು. ಆಗೆಲ್ಲ ನಾನು ಇದೇ ಕಟ್ಟೆಯ ಮೇಲೆ ಕೂತು ಪೇಪರು ಓದುತ್ತಿದ್ದೆ.

ಮರುದಿನ ಬೆಳಿಗ್ಗೆ ಶಿವಾನಂದ ಭರಣಿಯನ್ನು ಕಾರಿನಲ್ಲಿಟ್ಟುಕೊಂಡು ಹೋದ. ತಿರುವಿನಲ್ಲಿ ಅವನ ಬ್ರೇಕು ಹಿಡಿಯುತ್ತದೋ ಎಂದು ಕಿವಿಗೊಟ್ಟು ನಿಂತಿದ್ದೆ. ಹಿಡಿಯಿತು. ಮುಂದಿನದು ಅವನ ಹೆಂಡತಿ ಗೋಡೆಯಾಚೆಯಿಂದ ಹೇಳಿದ್ದು. ಸವಣೂರಿನಲ್ಲಿ ಮಿಸ್ತ್ರಿಯ ಮಗಳ ಮನೆ ಹುಡುಕಿದನಂತೆ. ಎಲ್ಲ ಹೇಳಿ, ಎಣ್ಣೆಯನ್ನು ಅವಳ ಮನೆಯಲ್ಲೇ ಬಗ್ಗಿಸಿ ಕೊಟ್ಟನಂತೆ. ಅವಳು ಬಹಳ ಹೊತ್ತು ಅತ್ತು, ಆಮೇಲೆ ಭರಣಿಯನ್ನು ತೊಳೆದು ಒರೆಸಿ, ಅದರ ತುಂಬ ಎಲೆ ಇಟ್ಟು ಕೊಟ್ಟಳಂತೆ.

ಸಂಜೆ ಅವನ ಮನೆಯ ಕಿಟಕಿಯಿಂದ ನೋಡಿದೆ. ವೈನಿಯ ಫೋಟೋದ ಮುಂದೆ ಭರಣಿ ಇಟ್ಟು, ಶಿವಾನಂದ ಒಂದೊಂದೇ ಎಲೆ ತೆಗೆದು, ಒರೆಸಿ, ಸುಣ್ಣ ಸವರಿ, ಮಡಿಸಿ ಇಡುತ್ತಿದ್ದ. ನನ್ನ ಬಾಗಿಲಿಗೆ ಅವನು ಎಲೆ ತರಲಿಲ್ಲ. ಕಟ್ಟೆಗೂ ಬಂದು ಕೂತಿಲ್ಲ, ಇವತ್ತಿಗೆ ಆರು ದಿನ.